ಬೆನ್ನಿಗೆ ತಕ್ಕಷ್ಟು ಗಂಟು: ವಿಜಯಪುರದಿಂದ ತಿಕೋಟಾಕ್ಕೆ ಒಂದು ಕಾಲ್ನಡಿಗೆ



ನಿಮ್ಮ ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಅವರ ಬ್ಯಾಗು ತುಂಬುವವರು ಯಾರು? ಯಜಮಾನರ ಅಂಗಿ, ಮಕ್ಕಳ ಸ್ವೆಟರು, ಅತ್ತೆಯವರ ಮಾತ್ರೆ, ಎಲ್ಲರ ಬುತ್ತಿ. ಎಲ್ಲವನ್ನೂ ನೆನಪಿಟ್ಟು ತುಂಬುವವರು ನೀವೇ ಅಲ್ಲವೇ? ಆದರೆ ನೀವೇ ತುಂಬಿದ ಬ್ಯಾಗನ್ನು ನಿಮ್ಮದೇ ಬೆನ್ನಿಗೆ ಹಾಕಿಕೊಂಡು ಹತ್ತು ಮೈಲಿ ನಡೆದದ್ದುಂಟೇ? ನಲವತ್ತು ದಾಟುವವರೆಗೆ ನಾನೂ ನಡೆದಿರಲಿಲ್ಲ. ನಡೆಯದೇ ಇತರರಿಗೆ ಬ್ಯಾಗು ತುಂಬುವುದನ್ನು ಹೇಳಿಕೊಡಲು ಹೋದೆ. ಅದರ ಫಲವನ್ನು 2023ರ ಡಿಸೆಂಬರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಉಣ್ಣಬೇಕಾಯಿತು. ಆ ಕಥೆಯನ್ನು ನಿಮ್ಮ ಮುಂದಿಡಲೇ ಈ ಬರಹ.

ನಾವು ಹೊರಟ ದಾರಿ

ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ 16 ಹುಡುಗಿಯರು, ಮೂವರು ಶಿಕ್ಷಕಿಯರು. ಹಿಂದೆ ಮುಂದೆ ಬೈಕಿನಲ್ಲಿ ಬರಲು ಇಬ್ಬರು ಮಕ್ಕಳ ಅಬ್ಬಾಂದಿರು. ಗೋಳಗುಮ್ಮಟದ ಊರಿನಲ್ಲೇ ಹುಟ್ಟಿ ಬೆಳೆದ ಈ ಮಕ್ಕಳು ಊರಿನ ಪಶ್ಚಿಮದ ನೆಲವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡಿದ್ದರು. ಮೊದಲ ದಿನ ಇಬ್ರಾಹಿಂ ರೋಜಾದಿಂದ ಹೊರಟು ತೊರವಿಯ ಮೇಲೆ ತಿಕೋಟಾಕ್ಕೆ, ಸುಮಾರು 20 ಕಿಲೋಮೀಟರ್ ನಡಿಗೆ. ರಾತ್ರಿ ವಿದ್ಯಾರ್ಥಿನಿಯೊಬ್ಬಳ ಖಾಲಾ ಮನೆಯಲ್ಲಿ ವಾಸ. ಮರುದಿನ ಹೊಲದ ದಾರಿ ಹಿಡಿದು ಬಬಲೇಶ್ವರದ ಕಡೆಗೆ, ಕಾಲು ಸೋತಲ್ಲಿಂದ ಬಸ್ಸು. ಒಂದು ಕಾಲಕ್ಕೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ತಿಕೋಟಾ, ಬಬಲೇಶ್ವರ ಎರಡೂ ಈಗ ತಾವೇ ತಾಲ್ಲೂಕು ಕೇಂದ್ರಗಳು.

ಫಜ್ರ್ ನಮಾಝ್ ಮುಗಿಸಿ, ಬೆಳಕು ಹರಿದ ಮೇಲೆ ಹೊರಟೆವು. ಇಬ್ರಾಹಿಂ ರೋಜಾದ ಮಿನಾರುಗಳ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ತೊರವಿ ಬರುವ ಮೊದಲೇ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಸಿಗುತ್ತದೆ. 2003ರಲ್ಲಿ ಆರಂಭವಾದ ಇದಕ್ಕೆ ಈಗ ಅಕ್ಕಮಹಾದೇವಿಯ ಹೆಸರಿದೆ. "ನಾವೂ ಇಲ್ಲಿಗೆ ಬರುತ್ತೇವೆ ಆಪಾ" ಎಂದು ಹುಡುಗಿಯರು ಗದ್ದಲ ಎಬ್ಬಿಸಿದರು. ಮುಂದೆ ತೊರವಿ. ಎರಡನೇ ಇಬ್ರಾಹಿಂ ಆದಿಲ್ ಶಾಹ್ 1599ರಲ್ಲಿ ಇಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಇಂದಿಗೂ ನಿಂತಿವೆ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ತೊರವಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೂಗು ಬಂತು. ಎಂಟನೇ ತರಗತಿಯ ಆ ಹುಡುಗಿ ರಸ್ತೆ ಬದಿಯ ಬೇವಿನ ಮರದ ಕೆಳಗೆ ಕುಸಿದು ಕುಳಿತಿದ್ದಳು. ಮುಖ ಬಿಳಿಚಿತ್ತು, ಕೈ ತಣ್ಣಗಾಗಿತ್ತು.

ಬ್ಯಾಗಿನೊಳಗೆ ಏನಿತ್ತು?

"ನೀರು ಎಲ್ಲಿದೆ?" ಎಂದು ಕೇಳಿದೆ. "ಬ್ಯಾಗಿನ ತಳದಲ್ಲಿದೆ ಆಪಾ" ಎಂದಳು. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ. ಕುಡಿಯಬೇಕೆಂದರೆ ರಸ್ತೆಯ ಬದಿಯಲ್ಲಿ ಇಡೀ ಬ್ಯಾಗು ಬಿಚ್ಚಬೇಕು, ಮೇಲಿಟ್ಟ ಬಟ್ಟೆಗಳನ್ನೆಲ್ಲ ಹೊರತೆಗೆಯಬೇಕು. ಅವಳಿಗೆ ನಾಚಿಕೆ. ಜೊತೆಗೆ ಇನ್ನೊಂದು ಮಾತನ್ನು ಕಿವಿಯಲ್ಲಿ ಹೇಳಿದಳು: "ನೀರು ಕುಡಿದರೆ ನಡುವೆ ಹೊರಗೆ ಹೋಗಬೇಕಾಗುತ್ತದೆ. ಎಲ್ಲಿಗೆ ಹೋಗಲಿ?" ಸಹೋದರಿಯರೇ, ಇದು ನಮ್ಮೆಲ್ಲರ ಕಥೆಯಲ್ಲವೇ? ಪ್ರಯಾಣವೆಂದರೆ ನೀರು ಕುಡಿಯದೇ ಇರುವುದು ಎಂದೇ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಲಿತಿದ್ದಾರೆ.

ಇದೇ ತೊರವಿಯ ಕಡೆಯಿಂದ ಆದಿಲ್ ಶಾಹಿ ಕಾಲದಲ್ಲಿ ನೆಲದೊಳಗೆ ಸುರಂಗ ಕೊರೆದು ವಿಜಯಪುರ ನಗರಕ್ಕೆ ನೀರು ಒಯ್ದಿದ್ದರು. ಸುರಂಗ ಬಾವಡಿ ಎಂದು ಕರೆಯುವ ಆ ಕಾರೇಜ್ ವ್ಯವಸ್ಥೆ ಸೇರಿದಂತೆ ದಖ್ಖನ್ನಿನ ಪ್ರಾಚೀನ ಜಲವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ಊರಿಗೆಲ್ಲ ನೀರು ಕೊಟ್ಟ ಆ ನೆಲದ ಮೇಲೆ, ಬೆನ್ನ ಮೇಲೆ ಎರಡು ಲೀಟರ್ ನೀರು ಹೊತ್ತುಕೊಂಡೇ ನನ್ನ ಹುಡುಗಿ ಬಾಯಾರಿ ಬಿದ್ದಿದ್ದಳು!

ಅವಳನ್ನು ನೆರಳಿನಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು. ಒಬ್ಬರು ಅಬ್ಬಾ ಅವಳನ್ನೂ ಒಬ್ಬ ಶಿಕ್ಷಕಿಯನ್ನೂ ದಾರಿಯಲ್ಲಿ ಬಂದ ಜೀಪಿನಲ್ಲಿ ತಿಕೋಟಾಕ್ಕೆ ಕರೆದೊಯ್ದು ವೈದ್ಯರಿಗೆ ತೋರಿಸಿದರು. ಅಲ್‌ಹಮ್ದುಲಿಲ್ಲಾಹ್, ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡಳು.

ಸಂಜೆ ಅವಳ ಬ್ಯಾಗನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದೆ. ಕುಡಿದ ನೀರನ್ನು ಬಿಟ್ಟು 8.5 ಕಿಲೋ! ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ, ದಪ್ಪ ರಗ್ಗು, ಮೂರು ಜೊತೆ ಬಟ್ಟೆ, ಇನ್ನೊಂದು ಜೊತೆ ಚಪ್ಪಲಿ, ಎಣ್ಣೆ ಬಾಟಲಿ, ಖಾಲಾ ಮನೆಗೆಂದು ಎರಡು ಕಿಲೋ ಸಿಹಿತಿಂಡಿ. ಆ ಮಗುವಿನ ತೂಕವೇ 36 ಕಿಲೋ. 2023ರ ಜೂನ್‌ನಲ್ಲಿ ಸರ್ಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ 6ರಿಂದ 8ನೇ ತರಗತಿಯ ಮಕ್ಕಳ ಶಾಲಾ ಬ್ಯಾಗು 3ರಿಂದ 4 ಕಿಲೋ ಮೀರಬಾರದು. ಆ ಸುತ್ತೋಲೆಯನ್ನು ತರಗತಿಯಲ್ಲಿ ಓದಿ ಹೇಳಿದವಳೂ ನಾನೇ.

ತಪ್ಪು ಯಾರದು?

ಮರುದಿನದ ನಡಿಗೆ ರದ್ದಾಯಿತು. ಎಲ್ಲರೂ ಬಸ್ಸಿನಲ್ಲಿ ಮರಳಿದೆವು. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದು ಕೆಲವು ಪಾಲಕರು ಕೇಳಿದರು. ಇನ್ನು ಮುಂದೆ ಇಂಥ ನಡಿಗೆ ಬೇಡವೆಂದು ಶಾಲೆಯಲ್ಲೂ ಮಾತಾಯಿತು. ಒಂದು ಬ್ಯಾಗು ತುಂಬುವಲ್ಲಿ ಆದ ತಪ್ಪಿಗೆ 16 ಹುಡುಗಿಯರ ದಾರಿ ಮುಚ್ಚಿಹೋಗುವಂತಾಯಿತು.

ಕ್ಷಮೆ ಕೇಳಲು ಆ ಹುಡುಗಿಯ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳ ಅಮ್ಮಿ ಕಣ್ಣೀರು ಹಾಕಿದರು. "ತಪ್ಪು ನನ್ನದು ಆಪಾ. ಮಗಳು ಮೊದಲ ಸಲ ಮನೆ ಬಿಟ್ಟು ಹೋಗುತ್ತಿದ್ದಾಳೆ, ಯಾವುದಕ್ಕೂ ಕಡಿಮೆಯಾಗಬಾರದು ಎಂದು ತುಂಬಿದೆ." ನಾನು ಅವರ ಕೈ ಹಿಡಿದು ನನ್ನ ಪರ್ಸಿನಿಂದ ಆ ಚೀಟಿಯನ್ನು ತೆಗೆದು ತೋರಿಸಿದೆ. ಅದು ಪಾಲಕರಿಗೆ ನಾನು ಕೊಟ್ಟಿದ್ದ ಪಟ್ಟಿ. 23 ಸಾಮಾನುಗಳ ಹೆಸರಿತ್ತು. ಏನು ತರಬಾರದು, ಯಾವುದನ್ನು ಎಲ್ಲಿಡಬೇಕು, ಒಟ್ಟು ತೂಕ ಎಷ್ಟಿರಬೇಕು, ಒಂದಕ್ಷರವೂ ಇರಲಿಲ್ಲ. "ತಪ್ಪು ಪಟ್ಟಿ ಬರೆದವಳದು" ಎಂದೆ.

ಒಬ್ಬ ಯಾತ್ರಿಕರ ಪಾಠ

ಯುಗಾದಿಗೆ ಮುಂಚೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಮಲ್ಲಯ್ಯನ ಭಕ್ತರ ಸಾಲು ನಿಮಗೆ ಗೊತ್ತೇ ಇದೆ. ನೂರಾರು ಕಿಲೋಮೀಟರ್ ದಾರಿ. ಊರೂರಿನಲ್ಲಿ ಜನ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ನಮ್ಮ ಓಣಿಯವರೂ ನೀರಿನ ಕೊಡ ಇಡುತ್ತಾರೆ. 2024ರ ಮಾರ್ಚಿನಲ್ಲಿ ಅದು ರಂಝಾನ್ ತಿಂಗಳೂ ಆಗಿತ್ತು. ನಾನು ಉಪವಾಸದಲ್ಲಿದ್ದುಕೊಂಡೇ ನೀರು ಕೊಡುತ್ತಿದ್ದಾಗ ಎಪ್ಪತ್ತರ ಹತ್ತಿರದ ಅಜ್ಜ ಒಬ್ಬರು ಕಟ್ಟೆಯ ಮೇಲೆ ಕುಳಿತರು. ಅವರ ಗಂಟು ಎಷ್ಟು ಚಿಕ್ಕದೆಂದರೆ ನನಗೆ ಕೇಳದೆ ಇರಲಾಗಲಿಲ್ಲ.

"ಇಷ್ಟ ಸಾಕೇನ್ರಿ ಅಜ್ಜಾರ?"

"ಮೊದಲ ಸಲ ಹೊಂಟಾಗ ದೊಡ್ಡ ಗಂಟ ಹೊತ್ತಿದ್ದೆ ತಂಗಿ. ಮೂರ ದಿನಾ ನಡದ ಮ್ಯಾಲೆ ಬಿಚ್ಚಿ ನೋಡಿದೆ. ಯಾವದನ್ನ ಮುಟ್ಟಿದ್ದಿಲ್ಲ, ಅದನ್ನ ಮುಂದಿನ ವರ್ಷ ಬಿಟ್ಟ ಬಂದೆ. ಹಿಂಗ ಬಿಡಕೋತ ಬಿಡಕೋತ ಇಷ್ಟಕ್ಕ ಬಂತು."

ಒಂದು ಹೊದಿಕೆ, ಒಂದು ಜೊತೆ ಬಟ್ಟೆ, ತಂಬಿಗೆ, ಔಷಧದ ಪುಟ್ಟ ಪೊಟ್ಟಣ. ಅಷ್ಟೇ. ಅವರ ಮಾತನ್ನು ನಾನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂದಿನಿಂದ ವಾರಕ್ಕೊಮ್ಮೆ ಮನೆಯಿಂದ ಇಬ್ರಾಹಿಂ ರೋಜಾದವರೆಗೆ ಬ್ಯಾಗು ಹಾಕಿಕೊಂಡು ನಡೆದೆ. ಪ್ರತಿ ಸಲವೂ ಬಿಚ್ಚಿ, ಬೇರೆ ಕ್ರಮದಲ್ಲಿ ತುಂಬಿ ನೋಡಿದೆ. ನಾನು ಕಲಿತದ್ದನ್ನು ಈಗ ನಿಮಗೆ ಹೇಳುತ್ತೇನೆ.

ಬ್ಯಾಗು ತುಂಬುವ ಕ್ರಮ

ಮೊದಲು ತೂಕ. ದಿನದ ನಡಿಗೆಗೆ ನೀರು, ಊಟ ಸೇರಿ ಹೊರೆ ನಿಮ್ಮ ತೂಕದ ಹತ್ತರಲ್ಲೊಂದು ಪಾಲು ಇದ್ದರೆ ಉತ್ತಮ. 40 ಕಿಲೋ ಹುಡುಗಿಗೆ 4 ಕಿಲೋ, 60 ಕಿಲೋ ಹೆಂಗಸಿಗೆ 6 ಕಿಲೋ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಎಂಬುದನ್ನು ಮರೆಯಬೇಡಿ. ಬ್ಯಾಗು ತುಂಬಿದ ಮೇಲೆ ಅಂದಾಜಿಗೆ ಎತ್ತಿ ನೋಡಿದರೆ ಸಾಲದು, ತೂಗಿಯೇ ನೋಡಿ.

ಎಲ್ಲಕ್ಕಿಂತ ತಳದಲ್ಲಿ ಹಗುರವಾದ, ದಾರಿಯಲ್ಲಿ ಬೇಕಾಗದ ಬಟ್ಟೆ ಇರಲಿ. ಬಟ್ಟೆಯನ್ನು ಮಡಚುವುದಕ್ಕಿಂತ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ. ಭಾರವಾದ ಸಾಮಾನು, ಅಂದರೆ ಊಟದ ಡಬ್ಬಿ ಅಥವಾ ಪುಸ್ತಕ, ಬ್ಯಾಗಿನ ನಡುಭಾಗದಲ್ಲಿ, ಬೆನ್ನಿಗೆ ತಾಗಿಕೊಂಡಂತೆ ಇರಬೇಕು. ಅದು ಬೆನ್ನಿನಿಂದ ದೂರ ಹೊರಗಡೆ ಇದ್ದರೆ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಆಗ ನೀವು ಮುಂದಕ್ಕೆ ಬಾಗುತ್ತೀರಿ, ಸೊಂಟ ನೋಯುತ್ತದೆ. ನೀರು ತುಂಬಿದ ಕೊಡವನ್ನು ನಮ್ಮ ಹೆಂಗಸರು ಮೈಗೆ ಒತ್ತಿ ಹಿಡಿಯುವುದಿಲ್ಲವೇ? ಇದೂ ಅದೇ ಲೆಕ್ಕ. ಭಾರವಾದ ಡಬ್ಬಿಯ ಸುತ್ತ ಮೆತ್ತಗಿನ ಬಟ್ಟೆ ತುರುಕಿದರೆ ನಡೆಯುವಾಗ ಅಲುಗಾಡುವುದಿಲ್ಲ. ಎಡ ಬಲ ಎರಡೂ ಕಡೆ ಭಾರ ಸಮನಾಗಿರಲಿ.

ಮೇಲ್ಭಾಗದಲ್ಲಿ ಕೂಡಲೇ ಬೇಕಾಗುವ ವಸ್ತುಗಳು: ಶಾಲು, ತಿನಿಸು, ಔಷಧದ ಪೊಟ್ಟಣ. ನೀರು ಎಂದಿಗೂ ಒಳಗಲ್ಲ, ಹೊರಗಿನ ಜೇಬಿನಲ್ಲಿ. ದೊಡ್ಡ ಒಂದು ಬಾಟಲಿಗಿಂತ ಎರಡು ಚಿಕ್ಕ ಬಾಟಲಿಗಳು ಉತ್ತಮ. ಎರಡೂ ಕಡೆಯ ಜೇಬಿಗೆ ಒಂದೊಂದು ಹಾಕಿ, ಎರಡರಿಂದಲೂ ಸರದಿಯಂತೆ ಕುಡಿದರೆ ತೂಕ ಒಂದೇ ಕಡೆ ವಾಲುವುದಿಲ್ಲ. ಬಿಸಿಲಿನಲ್ಲಿ ತಾಸಿಗೆ ಅರ್ಧ ಲೀಟರ್ ನೀರು ಬೇಕಾಗುತ್ತದೆ.

ಹೊಸ ಬ್ಯಾಗು ಕೊಳ್ಳಲೇಬೇಕೆಂದಿಲ್ಲ. ದಿನದ ನಡಿಗೆಗೆ ಗಟ್ಟಿಯಾದ ಶಾಲಾ ಬ್ಯಾಗೇ ಸಾಕು. ಕೊಳ್ಳುವುದಾದರೆ ನಿಮ್ಮ ಎತ್ತರ ನೋಡಬೇಡಿ, ಬೆನ್ನಿನ ಉದ್ದ ನೋಡಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗಿನ ಅಳತೆ ಅದು. ಸೊಂಟದ ಪಟ್ಟಿಯಿದ್ದರೆ ಮೊದಲು ಅದನ್ನು ಬಿಗಿದು, ನಂತರ ಹೆಗಲ ಪಟ್ಟಿಗಳನ್ನು ಎಳೆದುಕೊಳ್ಳಿ. ಆಗ ಭಾರದ ಬಹುಪಾಲು ಸೊಂಟಕ್ಕೆ ಇಳಿದು ಹೆಗಲು ಹಗುರಾಗುತ್ತದೆ. ಮಕ್ಕಳು ಒಂದೇ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಅದು ಕೆಳಗೆ ಜೋತುಬೀಳುವಂತೆ ನಡೆಯುತ್ತಾರಲ್ಲ, ಅದನ್ನು ಬಿಡಿಸಿ. ಬ್ಯಾಗಿನ ತಳ ಸೊಂಟದಿಂದ ನಾಲ್ಕು ಬೆರಳಿಗಿಂತ ಕೆಳಗೆ ಇಳಿಯಬಾರದು.

ಹೆಣ್ಣುಮಕ್ಕಳಿಗೆ ನಾಲ್ಕು ಮಾತು

ಬುರ್ಖಾ ಧರಿಸಿ ಬ್ಯಾಗು ಹೊರುವಾಗ ನುಣುಪು ಬಟ್ಟೆಯಾದರೆ ಪಟ್ಟಿ ಜಾರುತ್ತಲೇ ಇರುತ್ತದೆ. ಎದೆಯ ಮೇಲೆ ಎರಡು ಪಟ್ಟಿಗಳನ್ನು ಸೇರಿಸುವ ಚಿಕ್ಕ ಪಟ್ಟಿಯಿದ್ದರೆ ಈ ತೊಂದರೆ ಇಲ್ಲ. ಇಲ್ಲದಿದ್ದರೆ ಹಳೆಯ ಓಢಣಿಯ ತುಂಡಿನಿಂದ ಕಟ್ಟಿಕೊಳ್ಳಬಹುದು. ಪಟ್ಟಿಯ ಕೆಳಗೆ ಬಟ್ಟೆ ಮುದ್ದೆಯಾಗದಂತೆ ಸರಿಪಡಿಸಿಕೊಳ್ಳಿ. ಪಿನ್ನು ಪಟ್ಟಿಯ ಅಡಿಯಲ್ಲಿ ಬರಬಾರದು, ಚುಚ್ಚುತ್ತದೆ. ತೆಳುವಾದ ಹತ್ತಿ ಬಟ್ಟೆಯ, ನೆಲಕ್ಕೆ ತಾಗದ ಬುರ್ಖಾ ಇದ್ದರೆ ಕಾಲಿಗೆ ತೊಡಕುವುದಿಲ್ಲ.

ಒಂದು ಚಿಕ್ಕ ಚೀಲದಲ್ಲಿ ಸೋಪಿನ ತುಂಡು, ಪ್ಯಾಡು, ಹಳೆಯ ಪತ್ರಿಕೆಯ ಹಾಳೆ, ಬಳಸಿದ್ದನ್ನು ಸುತ್ತಿ ತರಲು ಒಂದು ಕವರು ಇರಲಿ. ನಾಚಿಕೆ ಬೇಡ. ಹೊರಡುವ ಮೊದಲೇ ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಶೌಚಾಲಯಕ್ಕೆ ಹೋಗಬಹುದೆಂದು ವಿಚಾರಿಸಿ ಮಕ್ಕಳಿಗೆ ತಿಳಿಸಿಬಿಡಿ. ಆ ಒಂದು ಮಾತು ಗೊತ್ತಿದ್ದರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ.

ಕಾಲಿನ ಬೊಬ್ಬೆಯನ್ನು ತಡೆಯಲು ನಮಗೆ ವುಝೂ ಒಂದು ದೊಡ್ಡ ನೆರವು. ನಮಾಝಿಗೆ ನಿಂತಾಗ ಹೇಗೂ ಕಾಲುಚೀಲ ಕಳಚಿ ಕಾಲು ತೊಳೆಯುತ್ತೇವೆ. ಆಗ ಹಿಮ್ಮಡಿ, ಬೆರಳು ಕೆಂಪಾಗಿವೆಯೇ ನೋಡಿ. ಕೆಂಪಾದಲ್ಲಿ ಪಟ್ಟಿ ಅಂಟಿಸಿ. ಆದರೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ಕಾಲುಚೀಲ ಹಾಕಿ. ಒದ್ದೆ ಕಾಲಿಗೆ ಬೊಬ್ಬೆ ಬೇಗ ಏಳುತ್ತದೆ. ಅದಕ್ಕಾಗಿ ಒಂದು ಚಿಕ್ಕ ಟವೆಲ್ಲು, ಇನ್ನೊಂದು ಜೊತೆ ಕಾಲುಚೀಲ ಬ್ಯಾಗಿನ ಮೇಲ್ಭಾಗದಲ್ಲಿರಲಿ.

ಬುತ್ತಿಗೆ ನಮ್ಮ ನಾನಿ, ದಾದಿಯರ ಕಾಲದ್ದೇ ಮೇಲು. ಕಡಕ್ ರೊಟ್ಟಿ ಹಗುರ, ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಎಲ್ಲದರ ಮೇಲಿಡಿ, ಇಲ್ಲವಾದರೆ ಪುಡಿಯಾಗುತ್ತದೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ. ಸಾರು, ಪಲ್ಯ, ಗಾಜಿನ ಬಾಟಲಿ ಬೇಡವೇ ಬೇಡ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೆ ಕೊರತೆಯಿಲ್ಲ. ಅಲ್ಲಿನ ಒಣದ್ರಾಕ್ಷಿ ಒಂದು ಹಿಡಿ ಜೇಬಿನಲ್ಲಿದ್ದರೆ ದಣಿದಾಗ ಕೂಡಲೇ ಶಕ್ತಿ ಕೊಡುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚವನ್ನು ಅಂಚಿಗೆ ಸಮಮಾಡಿ ಹಾಕಿ ಕದಡಿರಿ. ಉಪ್ಪು ಹೆಚ್ಚಾಗಬಾರದು.

ಇನ್ನೊಂದು ಮಾತು. ಔಷಧದ ಪೆಟ್ಟಿಗೆ, ಟಾರ್ಚು, ಚಾಪೆ ಇವು ಗುಂಪಿಗೆ ಒಂದಿದ್ದರೆ ಸಾಕು. ಮೊದಲ ವರ್ಷ ನಮ್ಮಲ್ಲಿ 16 ಟಾರ್ಚುಗಳಿದ್ದವು!

ಮತ್ತೆ ಅದೇ ದಾರಿ

ಪಾಲಕರ ಸಭೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಇನ್ನೊಂದು ಅವಕಾಶ ಕೇಳಿದೆ. ಕೆಲವರು ಒಪ್ಪಲಿಲ್ಲ. ಆಗ ಎದ್ದು ನಿಂತವರು ಆ ಹುಡುಗಿಯ ಅಮ್ಮಿ. "ನನ್ನ ಮಗಳನ್ನು ಕಳಿಸುತ್ತೇನೆ. ನಾನೂ ಹೋಗುತ್ತೇನೆ" ಎಂದರು. ಸಭೆ ಸುಮ್ಮನಾಯಿತು.

2024ರ ಡಿಸೆಂಬರಿನಲ್ಲಿ 11 ಹುಡುಗಿಯರು ಹೊರಟರು. ಹಿಂದಿನ ದಿನ ಶಾಲೆಯ ವರಾಂಡದಲ್ಲಿ ತಕ್ಕಡಿ ಇಟ್ಟೆವು. ಒಂದೇ ನಿಯಮ: ಹೊರುವವರೇ ತುಂಬಬೇಕು, ಅಮ್ಮಂದಿರು ಕೈ ಹಾಕುವಂತಿಲ್ಲ. ಹೆಚ್ಚು ತೂಗಿದವರು ಅಲ್ಲೇ ಕುಳಿತು ತೆಗೆದರು. ಆ ಹುಡುಗಿಯ ಬ್ಯಾಗು 3.8 ಕಿಲೋ ತೂಗಿತು. ನೀರಿನ ಎರಡು ಬಾಟಲಿಗಳು ಹೊರಗಿನ ಜೇಬುಗಳಲ್ಲಿ ಎದ್ದು ಕಾಣುತ್ತಿದ್ದವು.

ಆದರೆ ಅವಳ ಅಮ್ಮಿಯ ಬ್ಯಾಗು ತೂಗಿದಾಗ 9 ಕಿಲೋ! ಬಿಚ್ಚಿದರೆ ಮಗಳ ಸ್ವೆಟರು, ಮಗಳ ಗೆಳತಿಯರಿಗೆ ತಿಂಡಿ, ಯಾರಿಗಾದರೂ ಬೇಕಾದೀತೆಂದು ಎರಡು ಶಾಲು, ನನಗೆಂದೇ ಒಂದು ದಿಂಬು. ಅವರದೇ ಸಾಮಾನೆಂದರೆ ಒಂದು ಜೊತೆ ಬಟ್ಟೆ ಮಾತ್ರ. "ನಿಮಗೆ ಬೇಕಾದದ್ದು ಎಲ್ಲಿ?" ಎಂದು ಕೇಳಿದೆ. ಅವರು ತುಸು ಹೊತ್ತು ಯೋಚಿಸಿದರು. "ನನಗೆ ಏನು ಬೇಕೆಂದು ನಾನು ಯೋಚಿಸಿಯೇ ಇಲ್ಲ ಆಪಾ" ಎಂದು ನಕ್ಕರು. ಮಗಳೇ ಕುಳಿತು ಅಮ್ಮಿಯ ಬ್ಯಾಗನ್ನು ಬಿಡಿಸಿ ಮತ್ತೆ ತುಂಬಿಸಿದಳು. "ಭಾರದ್ದು ಬೆನ್ನಿಗೆ ತಾಗಬೇಕು ಅಮ್ಮಿ" ಎಂದು ಹೇಳಿಕೊಡುತ್ತಿದ್ದಳು.

ಬೇವಿನ ಮರದ ಕೆಳಗೆ ಈ ಸಲವೂ ನಿಂತೆವು, ಆದರೆ ನೀರು ಕುಡಿಯಲು. ದಾರಿಯುದ್ದಕ್ಕೂ ಜೋಳದ ಹಸಿರು, ದ್ರಾಕ್ಷಿ ಚಪ್ಪರಗಳು. ತಲೆ ಬಗ್ಗಿಸಿ ನಡೆಯುತ್ತಿದ್ದ ಮಕ್ಕಳು ಈಗ ತಲೆ ಎತ್ತಿ ಎಲ್ಲವನ್ನೂ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತಿಕೋಟಾ ತಲುಪಿದೆವು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಅಜ್ಜಿಯೊಬ್ಬರು "ಎಲ್ಲಿಂದ ಬಂದೀರವ್ವಾ?" ಎಂದು ಕೇಳಿದರು. "ಬಿಜಾಪುರದಿಂದ ನಡ್ಕೋತ ಬಂದೇವ್ರಿ" ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಮರುದಿನ ಬಬಲೇಶ್ವರದ ದಾರಿ. ಒಂದು ಕಾಲಕ್ಕೆ ಬರಗಾಲಕ್ಕೆ ಹೆಸರಾಗಿದ್ದ ಸೀಮೆಯಿದು. ಕೃಷ್ಣಾ ನದಿಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಯೋಜನೆಯ ಬಗ್ಗೆ ಮಕ್ಕಳಿಗೆ ನಡೆಯುತ್ತಲೇ ಹೇಳಿದೆ. ಕೊನೆಯ ಕೆಲವು ಕಿಲೋಮೀಟರ್ ಮೂವರು ಹುಡುಗಿಯರು ಬಸ್ಸು ಹತ್ತಿದರು. ಉಳಿದವರು, ಆ ತಾಯಿ ಮಗಳೂ ಸೇರಿ, ನಡೆದೇ ಬಬಲೇಶ್ವರ ಮುಟ್ಟಿದರು.

ಬಸ್ ನಿಲ್ದಾಣದಲ್ಲಿ ಕುಳಿತು ಎಲ್ಲರೂ ಬ್ಯಾಗು ಬಿಚ್ಚಿದೆವು. ಆ ಅಜ್ಜ ಹೇಳಿಕೊಟ್ಟಂತೆ, ಎರಡು ದಿನದಲ್ಲಿ ಮುಟ್ಟದೇ ಇದ್ದ ವಸ್ತುಗಳನ್ನು ಬರೆದುಕೊಂಡೆವು. ಅಮ್ಮಿಯ ಪಟ್ಟಿ ಎಲ್ಲರಿಗಿಂತ ಚಿಕ್ಕದಿತ್ತು. "ಮುಂದಿನ ಸಲಕ್ಕೆ ಇನ್ನೂ ಕಡಿಮೆ ಮಾಡುತ್ತೇನೆ" ಎಂದರು.

ಸಹೋದರಿಯರೇ, ಹಜ್ಜಿಗೆ ಹೊರಡುವವರಿಗೂ ದಾರಿಯ ಬುತ್ತಿ ಕಟ್ಟಿಕೊಳ್ಳಿರೆಂದು ಅಲ್ಲಾಹನು ಆಜ್ಞಾಪಿಸಿದ್ದಾನೆ. ಸಿದ್ಧತೆಯಿಲ್ಲದೆ ಹೊರಡುವುದು ಭರವಸೆಯಲ್ಲ. ಹಾಗೆಯೇ ಇಡೀ ಮನೆಯನ್ನು ಬೆನ್ನಿಗೆ ಕಟ್ಟಿ ಕಳಿಸುವುದೂ ಪ್ರೀತಿಯಲ್ಲ. ಮುಂದಿನ ಸಲ ನಿಮ್ಮ ಮಗಳು ಎಲ್ಲಿಗಾದರೂ ಹೊರಟಾಗ ಅವಳ ಬ್ಯಾಗನ್ನು ಅವಳೇ ತುಂಬಲಿ. ನೀವು ಪಕ್ಕದಲ್ಲಿ ಕುಳಿತು ತೂಗಿ ನೋಡಿ, ನೀರಿನ ಬಾಟಲಿ ಕೈಗೆ ಸಿಗುವಂತಿದೆಯೇ ಎಂದು ಕೇಳಿ. ಆಮೇಲೆ ನಿಮ್ಮದೂ ಒಂದು ಚಿಕ್ಕ ಬ್ಯಾಗು ತುಂಬಿಕೊಂಡು ಅವಳ ಜೊತೆ ಹೊರಡಿ. ಅದರಲ್ಲಿ ನಿಮಗೆ ಬೇಕಾದ ಒಂದು ವಸ್ತುವಾದರೂ ಇರಲಿ.